ಬೆಳೆದವರೇ ಕೂರಬೇಕು

ನಗರಸಭೆಯಲ್ಲಿ ಜವಾನನಿಂದ ಹಿಡಿದು ಕಮಿಷನರ್‌ವರೆಗೆ ಎಲ್ಲರೂ ಅವಳನ್ನು ಅರ್ಜಿಯಮ್ಮ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇದ್ದಳು, ಒಳಗೊಳಗೇ ಸ್ವಲ್ಪ ಬೀಗುತ್ತಲೂ ಇದ್ದಳು. ಹೊಲಿಗೆ ಯಂತ್ರ ತುಳಿದು ಹೊಟ್ಟೆ ಹೊರೆಯುವ, ಗಂಡನಿಲ್ಲದ ಹೆಂಗಸಿಗೆ ಅಷ್ಟು ದೊಡ್ಡ ಕಚೇರಿಯಲ್ಲಿ ಒಂದು ಹೆಸರು ಬಿದ್ದಿದೆ ಎಂದರೆ ಅದೇನು ಸಣ್ಣ ಮಾತೇ? ಅಲ್ಲೇ ಕೂತು ತಲೆ ನರೆತ ಗುಮಾಸ್ತರಿಗೇ ಅಂಥ ಹೆಸರಿರಲಿಲ್ಲ.

ಅವಳ ಅರ್ಜಿ ಒಂದೇ. ಬಸ್ ಡಿಪೋದ ಗೋಡೆಯ ಪಕ್ಕ ಭಾನುವಾರ ಬೆಳಗ್ಗೆ ತರಕಾರಿ ಬೆಳೆಯುವವರೇ ತಂದು ಮಾರುವ ಸಂತೆಯೊಂದು ನಡೆಯುತ್ತಿತ್ತು. ಅದಕ್ಕೊಂದು ಸೂರು ಬೇಕು, ಒಂದು ನಲ್ಲಿ ಬೇಕು, ಯಾರೂ ಎಬ್ಬಿಸಿ ಓಡಿಸದಂಥ ಒಂದು ನಿಯಮ ಬೇಕು. ಕೇಳಿದ್ದು ಇಷ್ಟೇ. ಇದಕ್ಕೆ ಅವಳ ಚಪ್ಪಲಿ ಎಷ್ಟು ಸವೆದವೋ ಆ ಚಪ್ಪಲಿಗೇ ಗೊತ್ತು. ಒಬ್ಬ ಸಾಹೇಬರು ನಾಳೆ ಬನ್ನಿ ಅಂದರು, ಆ ನಾಳೆ ಬರುವಷ್ಟರಲ್ಲಿ ಅವರಿಗೇ ವರ್ಗವಾಯಿತು. ಹೊಸಬರು ಬಂದು ಕಡತ ಎಲ್ಲಿ ಅಂದರು. ಕಡತ ಸಿಕ್ಕಿದಾಗ ಸಾಹೇಬರು ರಜೆಯಲ್ಲಿದ್ದರು. ಈ ನಡುವೆ ಭಾನುವಾರ ಬಂತೆಂದರೆ ನಗರಸಭೆಯ ಗಾಡಿಯೂ ಬರುತ್ತಿತ್ತು, ಬುಟ್ಟಿಗಳನ್ನು ಎತ್ತಿ ಹಿಂದಕ್ಕೆ ಎಸೆಯುತ್ತಿದ್ದರು, ಹೆಂಗಸರು ಗಾಡಿಯ ಹಿಂದೆ ಓಡುತ್ತಿದ್ದರು.

ಸಂತೆ ಶುರು ಮಾಡಿದವರು ಅವಳ ಭಾವ, ಅಂದರೆ ಅಕ್ಕನ ಗಂಡ. ಮಂಡಿ ಸಾಹುಕಾರ ಬದನೆಕಾಯಿಯನ್ನು ಕಾಲಿನಿಂದ ತಳ್ಳಿ ಬೆಲೆ ಹೇಳಿದ ಎಂಬ ಸಿಟ್ಟಿಗೆ ಬುಟ್ಟಿ ಎತ್ತಿಕೊಂಡು ಬಂದು ಡಿಪೋ ಗೋಡೆಗೆ ಬೆನ್ನು ಕೊಟ್ಟು ಕೂತವರು. ಆಳು ಎತ್ತರ, ದನಿ ಅದಕ್ಕಿಂತ ಎತ್ತರ. ಅವರು ಕೂಗಿದರೆ ಡಿಪೋದೊಳಗಿನ ಡ್ರೈವರುಗಳು ಬಸ್ಸು ನಿಲ್ಲಿಸಿ ತರಕಾರಿಗೆ ಬರುತ್ತಿದ್ದರು. ಅಂಥ ಮನುಷ್ಯನಿಗೆ ಒಂದು ಬೆಳಗ್ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತು ತೊದಲಾಯಿತು. ಅವರ ಮಾತು ಈಗ ಅರ್ಥವಾಗುತ್ತಿದ್ದುದು ಇಬ್ಬರಿಗೇ, ಅಕ್ಕನಿಗೆ ಮತ್ತು ಅರ್ಜಿಯಮ್ಮನಿಗೆ.

ಹಾಗೆಂದು ಅಕ್ಕನ ಮನೆ ಮುಳುಗಲಿಲ್ಲ, ಮುಳುಗದಿದ್ದುದು ಓಣಿಯ ಪುಣ್ಯದಿಂದ. ಕಾಲುವೆ ಪಕ್ಕದ ಆ ಓಣಿಯಲ್ಲಿ ಎಲ್ಲರಿಗೂ ಮನೆಯ ಹಿಂದೆ ಒಂದೊಂದು ತುಂಡು ತೋಟ. ಎಲ್ಲರೂ ಸಂತೆಗೆ ಹೋದರೆ ಮನೆ, ಮಕ್ಕಳು, ಎಮ್ಮೆ ನೋಡುವವರು ಯಾರು? ಅದಕ್ಕೆ ಸರದಿ ಇತ್ತು. ಒಂದೊಂದು ಭಾನುವಾರ ಒಂದೊಂದು ಮನೆಯವರು ಟೆಂಪೋದಲ್ಲಿ ಎಲ್ಲರ ಬುಟ್ಟಿಗಳನ್ನೂ ಒಯ್ದು ಮಾರಿ ಬರುವುದು. ಯಾವ ಬುಟ್ಟಿ ಯಾರದ್ದು ಎಂದು ತಿಳಿಯಲು ಅರ್ಜಿಯಮ್ಮ ತನ್ನ ಅಂಗಡಿಯಿಂದ ಬಣ್ಣಬಣ್ಣದ ಚೂರು ಬಟ್ಟೆ ಕೊಟ್ಟಿದ್ದಳು, ಅದನ್ನು ಹಿಡಿಕೆಗೆ ಕಟ್ಟುತ್ತಿದ್ದರು. ಅಕ್ಕನ ಸರದಿ ಬಂದಾಗ ಪಕ್ಕದ ಮನೆಯ ಸೌತೆಕಾಯಿ ಚಿಕ್ಕಮ್ಮ ಹೋಗಿ ಬರುತ್ತಿದ್ದಳು. ಭಾವನನ್ನು ಬಿಟ್ಟು ಅಕ್ಕ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಅವಳ ಸೊಪ್ಪು ಮಾತ್ರ ತಪ್ಪದೆ ಹೋಗುತ್ತಿತ್ತು. ಆ ಸೊಪ್ಪು ಮಾರಿದರೆ ಭಾವನ ಮಾತ್ರೆ, ಮಾರದಿದ್ದರೆ ಇಲ್ಲ.

ಕೊನೆಗೂ ನಗರಸಭೆ ಮಣಿಯಿತು. ನಮ್ಮ ಅರ್ಜಿಯಮ್ಮನ ಕಾಟಕ್ಕೆ ಮಣಿಯಿತೋ, ಹೊಸದಾಗಿ ಗೆದ್ದು ಬಂದ ಮೆಂಬರಮ್ಮನ ಓಡಾಟಕ್ಕೆ ಮಣಿಯಿತೋ, ಅಂತೂ ನಿಯಮದ ಕರಡು ತಯಾರಾಗಿ ಸಾರ್ವಜನಿಕರ ಸಭೆ ಕರೆದರು. ಓಣಿಗೆ ಓಣಿಯೇ ಬಂದು ಹಿಂದಿನ ಬೆಂಚುಗಳಲ್ಲಿ ಕೂತಿತು. ಮುಂದಿನ ಕುರ್ಚಿಗಳಲ್ಲಿ ಮಂಡಿ ಸಾಹುಕಾರ ಮತ್ತು ಅವನ ಕಡೆಯವರು.

ಕರಡು ಓದಿ ಮುಗಿಸಿದ್ದೇ ಸಾಹುಕಾರ ಎದ್ದು ನಿಂತ. "ರೈತರ ಸಂತೆ ಅಂತೀರಲ್ಲ ಸ್ವಾಮಿ, ರೈತ ಅಂದ್ರೆ ಯಾರು? ನಮ್ಮ ಮಂಡಿ ಹುಡುಗರೂ ರೈತರ ಮಕ್ಕಳೇ. ನಾಳೆ ಅವರೂ ಬಂದು ಸೂರಿನ ಕೆಳಗೆ ಕೂರ್ತಾರೆ. ಬೇಡ ಅನ್ನೋಕೆ ಆಗತ್ತಾ?"

ಮುಂದಿನ ಸಾಲು ನಕ್ಕಿತು. ಅರ್ಜಿಯಮ್ಮನಿಗೆ ಮೈಯೆಲ್ಲ ಉರಿಯಿತು. ಉರಿಯದೆ ಇರುತ್ತದೆಯೇ? ಮಂಡಿಯ ಹುಡುಗರು ಉಳಿದ ಮೂಲಂಗಿಗೆ ಮಣ್ಣು ಸವರಿಕೊಂಡು ಬಂದು, ಈಗಷ್ಟೇ ಕಿತ್ತದ್ದು ಎಂದು ಡಿಪೋ ಗೋಡೆ ಪಕ್ಕ ಕೂಗುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು. ಯಾರೂ ಕರೆಯದೆಯೇ ಎದ್ದಳು, ಮೈಕು ಕೇಳದೆಯೇ ಮಾತಾಡಿದಳು.

"ಬರ್ಕೊಳ್ಳಿ ಸ್ವಾಮಿ. ಯಾರು ಬೆಳೆದಿದ್ದಾರೋ ಅವರೇ ಕೂತು ಮಾರಬೇಕು. ಒಬ್ಬರು ಬೆಳೆದದ್ದನ್ನ ಇನ್ನೊಬ್ಬರು ಮಾರೋ ಹಾಗಿಲ್ಲ. ಇಷ್ಟು ಬರೆದ್ರೆ ಸಾಕು, ಮಂಡಿ ನೊಣಾನೂ ಒಳಗೆ ಬರಲ್ಲ."

ಹಿಂದಿನ ಬೆಂಚುಗಳು ಚಪ್ಪಾಳೆ ತಟ್ಟಿದವು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಸೌತೆಕಾಯಿ ಚಿಕ್ಕಮ್ಮ. ಮೆಂಬರಮ್ಮ ಅದೇ ಮಾತನ್ನು ಕರಡು ನಿಯಮಕ್ಕೆ ಸೇರಿಸಿ ಓದಿದಳು. ಸಾಹುಕಾರ ಮೊದಲು ಮುಖ ಸಿಂಡರಿಸಿದ. ಆಮೇಲೆ ಒಂದು ಕ್ಷಣ ಏನೋ ಯೋಚಿಸಿ, ನನ್ನ ಅಭ್ಯಂತರವಿಲ್ಲ ಎಂದು ಕೂತುಬಿಟ್ಟ. ಅವನು ಅಷ್ಟು ಸಲೀಸಾಗಿ ಕೂತಾಗಲಾದರೂ ನಮ್ಮವರಿಗೆ ಅನುಮಾನ ಬರಬೇಕಿತ್ತು.

ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಇಲ್ಲಿ ಒಡೆದದ್ದೇ ಯಾರಿಗೂ ಕೇಳಿಸಲಿಲ್ಲ. ದಡ್ಡರೆಂದು ಬೈಯಬೇಡಿ. ನೀನು ಇನ್ನೊಬ್ಬರ ಸರಕು ಮಾರುತ್ತೀಯಾ ಎಂದು ಓಣಿಯಲ್ಲಿ ಯಾರನ್ನಾದರೂ ಕೇಳಿದ್ದರೆ ಜಗಳಕ್ಕೇ ಬರುತ್ತಿದ್ದರು. ಪಕ್ಕದ ಮನೆಯ ಬುಟ್ಟಿ ಇನ್ನೊಬ್ಬರ ಬುಟ್ಟಿ ಹೇಗಾದೀತು? ಒಂದೇ ಕಾಲುವೆಯ ನೀರು, ಒಂದೇ ಟೆಂಪೋ, ಒಬ್ಬರ ಮಗು ಇನ್ನೊಬ್ಬರ ಮಡಿಲಲ್ಲಿ. ಇನ್ನೊಬ್ಬರು ಎಂದರೆ ಅವರ ಲೆಕ್ಕದಲ್ಲಿ ಮಂಡಿಯವರು. ಅಷ್ಟೇ.

ಸೂರು ಬಂತು, ನಲ್ಲಿ ಬಂತು. ಬೂದು ಬಣ್ಣದ ತಗಡಿನ ಕೆಳಗೆ ಸಿಮೆಂಟಿನ ಕಟ್ಟೆಗಳು. ಪ್ರತಿ ವಾರ ಪರಿಶೀಲಿಸಲು ಒಂದು ಸಮಿತಿಯೂ ಬಂತು, ಅದರಲ್ಲಿ ಅರ್ಜಿಯಮ್ಮನೇ ಜನರ ಕಡೆಯ ಸದಸ್ಯೆ. ಎದೆಗೆ ಬಿಲ್ಲೆ ಚುಚ್ಚಿಕೊಂಡು ಮೊದಲ ಭಾನುವಾರ ಅವಳು ಸಂತೆಗೆ ಕಾಲಿಟ್ಟ ಠೀವಿ ನೋಡಬೇಕಿತ್ತು. ಮಣ್ಣು ಸವರಿದ ಮೂಲಂಗಿಯವರು ಬಾಗಿಲಲ್ಲೇ ವಾಪಸಾದರು. ಅವಳು ಬಿಲ್ಲೆಯ ಮೇಲೆ ಕೈಯಿಟ್ಟುಕೊಂಡೇ ನಕ್ಕಳು.

ಆಮೇಲೆ ಮಾರ್ಕೆಟ್ ಸೂಪರಿಂಟೆಂಡೆಂಟ್ ಸೌತೆಕಾಯಿ ಚಿಕ್ಕಮ್ಮನ ಕಟ್ಟೆಯ ಮುಂದೆ ನಿಂತರು. ಒಳ್ಳೆಯ ಮನುಷ್ಯ. ಒಳ್ಳೆಯವರಾಗಿದ್ದೇ ತೊಂದರೆ, ಬೈಯುವುದಕ್ಕೂ ಬಾಯಿ ಬರುವುದಿಲ್ಲ.

"ಇಷ್ಟೂ ಬುಟ್ಟಿ ನಿಮ್ಮದೇನಮ್ಮ?"

"ನಮ್ಮದೇ ಸ್ವಾಮಿ, ಇನ್ಯಾರದ್ದು?" ಎಂದಳು ಚಿಕ್ಕಮ್ಮ. "ಸೌತೆಕಾಯಿ ನಂದು. ಕೆಂಪು ಬಟ್ಟೆದು ಎದುರು ಮನೇದು. ಹಸಿರು ಬಟ್ಟೆ ಕಟ್ಟಿರೋ ಸೊಪ್ಪು ಈಯಮ್ಮನ ಅಕ್ಕಂದು. ಯಾಕೆ, ಮನೆಗೆ ಒಯ್ತೀರಾ? ಎಳೇದಿದೆ, ಬಾಯಲ್ಲಿಟ್ರೆ ಬೆಣ್ಣೆ."

ಸೂಪರಿಂಟೆಂಡೆಂಟ್ ತಲೆ ತಗ್ಗಿಸಿದರು. ಅರ್ಜಿಯಮ್ಮನಿಗೆ ಆಗ ತಿಳಿಯಿತು. ಹಿಂದೆ ತಿರುಗಿದರೆ ಮಂಡಿ ಸಾಹುಕಾರ ಗೇಟಿನ ಕಂಬಕ್ಕೆ ಒರಗಿ ನಿಂತಿದ್ದಾನೆ, ಕೈಯಲ್ಲಿ ಫೋನು, ಫೋನಿನ ಕಣ್ಣು ಇವರ ಕಡೆಗೇ.

"ಇದು ಬೇರೆ ಸ್ವಾಮಿ," ಎಂದಳು ಅರ್ಜಿಯಮ್ಮ ಮೆಲ್ಲಗೆ. "ಇವರು ವ್ಯಾಪಾರಿಗಳಲ್ಲ. ಸರದಿ ಮಾಡ್ಕೊಂಡಿದ್ದಾರೆ, ಅಷ್ಟೆ."

"ನಂಗೆ ಗೊತ್ತಮ್ಮ. ನಂಗೆ ಗೊತ್ತಿದ್ರೆ ಸಾಕಾ? ಇವತ್ತು ಇದನ್ನ ಬಿಟ್ರೆ ಮುಂದಿನ ವಾರ ಅವರ ಕಡೆಯವರೂ ಬುಟ್ಟಿಗೆ ಬಟ್ಟೆ ಕಟ್ಕೊಂಡು ಬರ್ತಾರೆ, ನಮ್ಮ ಅತ್ತೇದು, ನಮ್ಮ ಮಾವಂದು ಅಂತ. ಬೇಡ ಅಂದ್ರೆ ಕೋರ್ಟಿಗೆ ಹೋಗ್ತಾರೆ. ನೀವೇ ಹೇಳಿದ ಮಾತಲ್ವಾ, ನೀವೇ ಎತ್ತಿಸಿ."

ಎತ್ತಿಸುವುದು ಯಾರ ಕೈಲಿ? ಬೇರೆಯವರು ಮುಟ್ಟುವುದು ಅವಳಿಗೆ ಬೇಡವಾಯಿತು. ಅಕ್ಕನ ಬುಟ್ಟಿಯನ್ನು ತಾನೇ ಸೊಂಟಕ್ಕೆ ಏರಿಸಿಕೊಂಡು ಗೇಟಿನ ಆಚೆಗೆ ಒಯ್ದು ಇಟ್ಟಳು. ಸಾಹುಕಾರ ದಾರಿ ಬಿಟ್ಟು ನಿಂತ. ಒಂದು ಮಾತು ಆಡಿದ್ದರೂ ಅವಳು ಅವನ ಕೊರಳಪಟ್ಟಿ ಹಿಡಿಯುತ್ತಿದ್ದಳೋ ಏನೋ. ಚಿಕ್ಕಮ್ಮ ಮಾತ್ರ ಸಂತೆಯುದ್ದಕ್ಕೂ ಕೇಳುವಂತೆ ಅಂದಳು, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಚೆನ್ನಾಗಿದೆ ಕಣೇ ನಿನ್ನ ಕಾನೂನು."

ಸೋಮವಾರವೇ ಅವಳು ಮೆಂಬರಮ್ಮನ ಮನೆಗೆ ಹೋದಳು. ಒಂದು ಸಾಲು ಸೇರಿಸಿದರೆ ಸಾಕು, ಒಂದೇ ಓಣಿಯವರು ಒಬ್ಬರದ್ದನ್ನೊಬ್ಬರು ಮಾರಬಹುದು ಅಂತ. ಮೆಂಬರಮ್ಮ ಚಹಾ ತರಿಸಿದಳು, ಪೂರ್ತಿ ಕೇಳಿಸಿಕೊಂಡಳು, ಆಮೇಲೆ ಬಾಗಿಲು ಮುಂದೆ ಮಾಡಿ ಬಂದು ಕೂತಳು.

"ನಿಜ ಹೇಳ್ಲಾ? ಆ ನಿಯಮ ಪಾಸಾಗಿದ್ದು ಒಂದೇ ಒಂದು ಓಟಲ್ಲಿ. ಆ ಒಬ್ಬರು ಈಗ ಆ ಕಡೆ ಹೋಗಿದ್ದಾರೆ. ತಿದ್ದುಪಡಿ ಅಂತ ನಾನು ಮತ್ತೆ ಸಭೆ ಮುಂದೆ ತಂದ್ರೆ ಒಂದು ಸಾಲು ಸೇರಿಸಲ್ಲ ಅವರು, ಇಡೀ ನಿಯಮಾನೇ ಎತ್ತಿ ಹಾಕ್ತಾರೆ. ಸಾಹುಕಾರ ಅದಕ್ಕೇ ಕಾಯ್ತಾ ಇರೋದು. ಸೂರೂ ಹೋಗತ್ತೆ, ನಲ್ಲೀನೂ ಹೋಗತ್ತೆ, ನೀವು ಮತ್ತೆ ಡಿಪೋ ಗೋಡೆಗೆ."

"ಹಾಗಾದ್ರೆ ನಮ್ಮಕ್ಕ?"

"ಮುಂದಿನ ಚುನಾವಣೆವರೆಗೆ ಹೇಗಾದ್ರೂ ಸುಧಾರಿಸ್ಕೊಳ್ಳಿ. ನಾನೇನು ಮಾಡ್ಲಿ, ಹೇಳಿ."

ಏನು ಹೇಳುವುದು? ಅತ್ತ ದರಿ, ಇತ್ತ ಪುಲಿ. ಅರ್ಜಿ ಬರೆಯುವುದರಲ್ಲಿ ಹೆಸರು ಮಾಡಿದ ಹೆಂಗಸಿಗೆ ಅರ್ಜಿ ಬರೆಯಲೇ ಹೆದರಿಕೆಯಾಯಿತು. ಅದೂ ಒಂದು ಕಾಲ. ಚಹಾ ಆರಿಹೋಗಿತ್ತು, ಕೊಟ್ಟವರ ಮನಸ್ಸು ನೋಯಬಾರದೆಂದು ಕುಡಿದು ಎದ್ದಳು.

ಓಣಿಯವರು ಸುಧಾರಿಸಿಕೊಂಡರು. ಪ್ರತಿ ಭಾನುವಾರ ಪ್ರತಿ ಮನೆಯವರೂ ತಮ್ಮ ತಮ್ಮ ಬುಟ್ಟಿಯೊಂದಿಗೆ ಹೋಗತೊಡಗಿದರು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು, ಎಮ್ಮೆಗೆ ಹುಲ್ಲು ಹಾಕಿ ಕಟ್ಟಿ. ಬೆಳಗ್ಗೆ ಟೆಂಪೋ ಹೊರಟಿತೆಂದರೆ ಓಣಿಯೆಲ್ಲ ಬಿಕೋ. ಮೊದಲಾದರೆ ಅಕ್ಕ ಒಂದು ಕೂಗು ಹಾಕಿದರೆ ಭಾವನನ್ನು ಮಗ್ಗುಲು ಹೊರಳಿಸಲು ನಾಲ್ಕು ಕೈ ಬರುತ್ತಿದ್ದವು. ಈಗ ಭಾನುವಾರ ಕೂಗಿದರೆ ನಾಯಿಯೂ ಓಗೊಡುವುದಿಲ್ಲ. ಸೊಪ್ಪು ಮಡಿಯಲ್ಲೇ ಬಲಿತು ಹೂಬಿಟ್ಟಿತು. ಮಂಡಿಗೆ ಹಾಕೋಣವೆಂದರೆ ಸಾಹುಕಾರ ಆ ಓಣಿಯ ಸರಕು ತನಗೆ ಬೇಡ ಅಂದ. ಭಾವನ ಮಾತ್ರೆಯನ್ನು ಅಕ್ಕ ಅರ್ಧರ್ಧ ಮುರಿದು ಕೊಡುತ್ತಿದ್ದಾಳೆ ಎಂದು ಚಿಕ್ಕಮ್ಮ ಬಂದು ಹೇಳಿದಳು. ಹೇಳುವಾಗ ಅವಳು ತಮಾಷೆ ಮಾಡಲಿಲ್ಲ.

ಅರ್ಜಿಯಮ್ಮ ದುಡ್ಡು ಒಯ್ದಳು. ಅಕ್ಕ ಮುಟ್ಟಲಿಲ್ಲ. "ನೀನು ಹೊಲಿದು ಹೊಲಿದು ಕಣ್ಣು ಕಳ್ಕೊಂಡಿರೋದು ಸಾಕು," ಅಂದಳು. ಆಗ ಅರ್ಜಿಯಮ್ಮ ಹಟ ಹಿಡಿದಳು. "ಈ ಭಾನುವಾರ ನೀನು ಸಂತೆಗೆ ಹೋಗು. ನಾನು ಭಾವನ ಹತ್ರ ಇರ್ತೀನಿ."

ಇದ್ದಳು. ಬೆಳಗ್ಗೆ ಗಂಜಿ ಕುಡಿಸಿದಳು, ಕುಡಿದರು. ಹಾಸಿಗೆ ಸರಿ ಮಾಡಿದಳು, ಮಾಡಿಸಿಕೊಂಡರು. ಆದರೆ ಬಿಸಿಲೇರುವ ಹೊತ್ತಿಗೆ ಭಾವ ಬೇರೆಯದಕ್ಕೆ ಒದ್ದಾಡತೊಡಗಿದರು. ಅವಳು ಮಂಚದ ಕೆಳಗಿನ ಪಾತ್ರೆಗೆ ಕೈ ಹಾಕಿದ್ದೇ, ಎಡಗೈಯಿಂದ ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಂಡುಬಿಟ್ಟರು. ಹೆಂಡತಿಯ ತಂಗಿ, ತಾವೇ ನಿಂತು ಮದುವೆ ಮಾಡಿಕೊಟ್ಟ ಹುಡುಗಿ, ಅವಳ ಕೈಲಿ ಇದನ್ನು ಮಾಡಿಸಿಕೊಳ್ಳುವುದೇ? "ಬೇ... ಡ," ಎಂದರು. ಅವಳು ಎಷ್ಟು ಬೇಡಿಕೊಂಡರೂ ಬೇಡವೇ ಬೇಡ. ತಡೆದರು, ತಡೆದರು, ಎಷ್ಟು ಹೊತ್ತು ತಡೆಯುತ್ತಾನೆ ಮನುಷ್ಯ. ಅಕ್ಕ ಬರುವಷ್ಟರಲ್ಲಿ ಹಾಸಿಗೆಯೆಲ್ಲ ಒದ್ದೆ, ಭಾವ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದರು. ಆ ಡಿಪೋ ನಡುಗಿಸುತ್ತಿದ್ದ ದನಿಯಿಂದ ಈಗ ಸದ್ದೇ ಇಲ್ಲದ ಅಳು.

ಅಕ್ಕ ಹಾಸಿಗೆ ಬಟ್ಟೆ ಒಗೆಯಲು ಕೂತಳು. ಅದೇ ದಿನ ಅತ್ತ ಸಂತೆಯಲ್ಲಿ, ಸಮಿತಿಯ ಅರ್ಜಿಯಮ್ಮ ಇಲ್ಲದ್ದನ್ನು ನೋಡಿ, ಮಂಡಿಯ ಹುಡುಗರು ನಲ್ಲಿಯ ಪಕ್ಕದ ಕಟ್ಟೆಗಳಲ್ಲಿ ಕೂತಿದ್ದರು. ಸೂಪರಿಂಟೆಂಡೆಂಟ್‌ಗೆ ಅವರ ಮುಖ ಗೊತ್ತಿಲ್ಲ. ಅವರು ನಾವೇ ಬೆಳೆದದ್ದು ಎಂದರು, ಇವರು ಆಯಿತು ಎಂದರು. ಓಣಿಯ ಹೆಂಗಸರು ಅಲ್ಲ ಅಂದರೂ ಸಮಿತಿಯಲ್ಲಿಲ್ಲದವರ ಮಾತು ಲೆಕ್ಕಕ್ಕೆ ಬರಲಿಲ್ಲ.

"ನೀನು ಅಲ್ಲೇ ಇರಬೇಕು," ಎಂದಳು ಅಕ್ಕ, ಬಟ್ಟೆ ಹಿಂಡುತ್ತ. "ನೀನಿಲ್ದಿದ್ರೆ ಅದು ತಿಂಗಳೊಳಗೆ ಇನ್ನೊಂದು ಮಂಡಿ ಆಗತ್ತೆ. ಓಣಿಯವರೆಲ್ಲ ಆ ಸೂರು ನಂಬ್ಕೊಂಡಿದ್ದಾರೆ. ನನ್ನೊಬ್ಬಳಿಗಾಗಿ ಅದನ್ನ ಹಾಳು ಮಾಡ್ಬೇಡ."

"ಮತ್ತೆ ಭಾವ?"

"ಕರ್ಕೊಂಡು ಬರ್ತೀನಿ."

"ಸಂತೆಗಾ?"

"ಬೆಳೆದವರೇ ಬರಬೇಕು ಅಂತ ತಾನೇ ನಿಮ್ಮ ನಿಯಮ? ಅವರೂ ಬೆಳೆದವರೇ." ಕುಹಕವಿರಲಿಲ್ಲ ಆ ಮಾತಿನಲ್ಲಿ. ಕುಹಕವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಮುಂದಿನ ಭಾನುವಾರ ಟೆಂಪೋದಿಂದ ಮೊದಲು ಬುಟ್ಟಿಗಳು ಇಳಿದವು, ಆಮೇಲೆ ಮಡಚುವ ಕ್ಯಾನ್‌ವಾಸ್ ಮಂಚ ಇಳಿಯಿತು, ಆಮೇಲೆ ಭಾವ. ಡ್ರೈವರ್ ಮತ್ತು ಓಣಿಯ ಹೆಂಗಸರು ಸೇರಿ ಅವರನ್ನು ಎತ್ತಿ ತಂದು ಅಕ್ಕನ ಕಟ್ಟೆಯ ಪಕ್ಕ ಮಲಗಿಸಿದರು. ಅಕ್ಕ ಅವರಿಗೆ ಒಗೆದ ಅಂಗಿ ತೊಡಿಸಿದ್ದಳು, ಗಡ್ಡ ಕೆರೆದು ತಲೆ ಬಾಚಿದ್ದಳು. ಎದೆಯವರೆಗೆ ಬಿಳಿಯ ಹೊದಿಕೆ. ಭಾವ ಒಂದು ಸಲ ತಗಡಿನ ಸೂರನ್ನು ನೋಡಿದರು. ಅವರು ನೋಡಿರಲೇ ಇಲ್ಲವಲ್ಲ. ಬಾಯಿಯ ಒಂದು ಕೊನೆಯಲ್ಲಿ ನಗುವಿನ ಹಾಗೆ ಏನೋ ಬಂತು. ಅರ್ಜಿಯಮ್ಮನಿಗೆ ಸಮಾಧಾನವೇ ಆಯಿತು. ಹೀಗೂ ಆಗಬಹುದೇನೋ, ಯಾಕಾಗಬಾರದು ಎಂದುಕೊಂಡಳು.

ಸೊಪ್ಪು ಚೆನ್ನಾಗಿ ಹೋಗುತ್ತಿತ್ತು. ಅಕ್ಕನಿಗೆ ಕತ್ತು ಎತ್ತಲೂ ಬಿಡುವಿಲ್ಲ. ಅಷ್ಟರಲ್ಲಿ ಸೂಪರಿಂಟೆಂಡೆಂಟ್ ಮತ್ತು ಮೆಂಬರಮ್ಮ ಇಬ್ಬರೂ ಬಂದರು, ಜೊತೆಗೆ ಕ್ಯಾಮೆರಾದವನು.

"ನೋಡಿ ಅಮ್ಮ," ಎಂದರು ಸೂಪರಿಂಟೆಂಡೆಂಟ್, ನಿಜವಾಗಿಯೇ ಮನಸ್ಸು ತುಂಬಿ. "ಆಗಲ್ಲ ಆಗಲ್ಲ ಅಂತಿದ್ರಿ. ಬೆಳೆದವರು ಸಂಸಾರ ಸಮೇತ ಬಂದಿದ್ದಾರೆ. ಇಂಥ ನಿಯಮ ಬೇರೆ ಊರುಗಳಿಗೂ ಬೇಕು ಅಂತ ನಾನು ಮೇಲಕ್ಕೆ ಬರೀತೀನಿ."

ಫೋಟೋ ತೆಗೆದರು. ಅರ್ಜಿಯಮ್ಮನನ್ನೂ ನಿಲ್ಲಿಸಿದರು, ಬಿಲ್ಲೆ ಕಾಣುವ ಹಾಗೆ. ಕಮಿಷನರ್ ಮುಂದೆಯೂ ತಡವರಿಸದ ನಾಲಿಗೆ ಅವಳದು. ಬೇಡ ಎಂಬ ಎರಡಕ್ಷರ ಹೊರಡಲಿಲ್ಲ.

ಅವರು ಮುಂದಿನ ಸಾಲಿಗೆ ಹೋದ ಮೇಲೆ ಅವಳು ಭಾವನ ಕಡೆ ತಿರುಗಿದಳು. ಚೀಲ ಹಿಡಿದ ಹೆಂಗಸೊಬ್ಬಳು ಮಂಚದ ಬಳಿ ನಿಂತಿದ್ದಳು, ಪಕ್ಕದಲ್ಲಿ ಪುಟ್ಟ ಮಗಳು. ಒಳ್ಳೆಯವಳಂತೆಯೇ ಇದ್ದಳು. ಭಾವನ ಮುಖ ನೋಡಿ ಲೊಚಗುಟ್ಟಿ, ಮಗಳ ಕೈಗೆ ಒಂದು ನಾಣ್ಯ ಕೊಟ್ಟು, ಹಾಕು ಎಂದು ಸನ್ನೆ ಮಾಡಿದಳು. ಮಗು ಹೆದರುತ್ತ ಹೆದರುತ್ತ ನಾಣ್ಯವನ್ನು ಬಿಳಿಯ ಹೊದಿಕೆಯ ಮೇಲೆ ಇಟ್ಟಿತು. ಅಲ್ಲಿ ಆಗಲೇ ಬೇರೆ ನಾಣ್ಯಗಳೂ ಇದ್ದವು.

ಅರ್ಜಿಯಮ್ಮ ಓಡಿದಳೋ ನಡೆದಳೋ, ಮಂಚದ ಪಕ್ಕ ಮಂಡಿಯೂರಿದಳು. ಭಾವ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರ ಹಾಗೆ ಮಲಗಿದ್ದರು. ರೆಪ್ಪೆ ನಡುಗುತ್ತಿದ್ದವು.

"ಹೋ... ದ್ರಾ?"

"ಹೋದ್ರು ಭಾವ. ನಾನು."

ಅವರು ಕಣ್ಣು ತೆರೆಯಲಿಲ್ಲ. ತುಟಿ ಒದ್ದಾಡಿತು. ಯಾರಿಗೂ ತಿಳಿಯದ ಆ ಮಾತು ಅವಳಿಗೆ ತಿಳಿಯಿತು.

"ಬೇಗ... ತೆಗಿ. ನಿಮ್ಮಕ್ಕ... ನೋಡ್ತಾಳೆ."

ಅವಳು ನಾಣ್ಯಗಳನ್ನು ಮುಷ್ಟಿಯಲ್ಲಿ ಬಾಚಿಕೊಂಡು ತಲೆಯೆತ್ತಿದಳು. ಅಕ್ಕ ಇತ್ತಲೇ ತಿರುಗಿ ನಿಂತಿದ್ದಳು, ಕೈಯಲ್ಲಿ ಸೊಪ್ಪಿನ ಕಟ್ಟು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಇಬ್ಬರ ಕಣ್ಣೂ ಕೂಡಿದವು. ಅಕ್ಕ ಮೆಲ್ಲಗೆ ಗಿರಾಕಿಗಳ ಕಡೆ ತಿರುಗಿ, ಮುಂದಿನವರಿಗೆ ಎಷ್ಟು ಕಟ್ಟು ಎಂದು ಕೇಳಿದಳು.

"ನೋಡಿಲ್ಲ ಭಾವ," ಎಂದಳು ಅರ್ಜಿಯಮ್ಮ. "ಅಕ್ಕ ವ್ಯಾಪಾರದಲ್ಲಿದ್ದಾಳೆ."